ಕಬ್ಬಿಣ ಹಿಡಿದರೂ ಬಂದ ಮೂರ್ಛೆ

ನನಗೆ ಮೂರ್ಛೆ ರೋಗ ಇದೆ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಈ ಒಂದು ಮಾತನ್ನು ಪೂರ್ತಿಯಾಗಿ ಬಾಯಿಬಿಟ್ಟು ಹೇಳಲು ನನಗೆ ಐದು ವರ್ಷ ಹಿಡಿಯಿತು.

ನಾನು ಎರಡನೇ ಕ್ಲಾಸಿನವರೆಗೆ ಶಾಲೆಗೆ ಹೋದವಳು. ಅಕ್ಷರ ದಪ್ಪ, ಸಾಲು ಸೊಟ್ಟ. ಒಂದು ಹಾಳೆ ತುಂಬಲು ಒಂದು ಮಧ್ಯಾಹ್ನ ಬೇಕು. ಆದರೂ ಬರೆಯುತ್ತಿದ್ದೇನೆ. ಘಟ್ಟದ ಕೆಳಗಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಪಕ್ಕದವರು "ನಿಮಗೆ ಎಂತ?" ಎಂದು ಕೇಳುತ್ತಾರೆ. ನಾನು ಇಂಥದ್ದು ಎಂದು ಹೇಳಿದ ಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ನನಗೂ ಅದೇ" ಎನ್ನುತ್ತಾರೆ. ಹಾಗೆ ದನಿ ತಗ್ಗಿಸಿದವರನ್ನು ಎಷ್ಟು ಜನರನ್ನು ನೋಡಿದೆನೋ. ಅವರಿಗಾಗಿ ಇದು.

ನಮ್ಮದು ಹೊಸನಗರದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಮೂರು ಮೈಲಿ ಒಳಗೆ ನಡೆದರೆ ಸಿಗುವ ಊರು. ಗದ್ದೆ ಸ್ವಲ್ಪ, ಮನೆಯ ಹಿಂದೆ ದೊಡ್ಡ ಹಿತ್ತಲು. ಗದ್ದೆ ಗಂಡಸರದ್ದು, ಹಿತ್ತಲು ಹೆಂಗಸರದ್ದು ಎಂದು ಲೆಕ್ಕ. ಮಳೆಗಾಲ ಕಳೆದ ಮೇಲೆ ಅದನ್ನು ಉಳುಮೆ ಮಾಡಿಸಿ ಬದನೆ, ಮೆಣಸು, ಗೆಣಸು, ಸೌತೆ ಹಾಕುತ್ತಿದ್ದೆವು. ಮಗಳು ಮದುವೆಯಾಗಿ ಹೋಗಿದ್ದಳು, ಮನೆಯಲ್ಲಿ ಆಗ ನಾನು, ನಮ್ಮ ಯಜಮಾನರು, ಮತ್ತು ಸೀತೆ. ಸೀತೆ ನನ್ನ ವಾರಗಿತ್ತಿ, ತೀರಿಹೋದ ಮೈದುನನ ಹೆಂಡತಿ. ನನಗಿಂತ ಹತ್ತು ವರ್ಷ ಚಿಕ್ಕವಳು. ಬಾಯಿ ಮಾತ್ರ ನನಗಿಂತ ದೊಡ್ಡದು.

ಒಂದು ವರ್ಷ ಕಾಲುಬಾಯಿ ಜ್ವರ ಬಂದು ನಮ್ಮ ಜೋಡಿ ಎತ್ತುಗಳು ಒಂದರ ಹಿಂದೆ ಒಂದು ಹೋದವು. ಊರಲ್ಲಿ ಹಾಗೆ ಎತ್ತು ಕಳೆದುಕೊಂಡ ನಾಲ್ಕು ಮನೆಯವರು ಸೇರಿ ಒಂದು ಟಿಲ್ಲರ್ ತಂದರು. ಎರಡು ಗಾಲಿ, ಮುಂದೆ ಡೀಸೆಲ್ ಇಂಜಿನ್ನು, ಹಿಂದೆ ಮಣ್ಣು ಕತ್ತರಿಸುವ ಬ್ಲೇಡುಗಳು. ಹಿಂದಿನಿಂದ ಎರಡು ಕಬ್ಬಿಣದ ಹಿಡಿ ಹಿಡಿದು ನಡೆಯಬೇಕು. ನಮ್ಮ ಯಜಮಾನರು ಮೊದಲ ದಿನ ಹಿಡಿದರು. ಅದು ಅವರನ್ನು ಎಳೆದುಕೊಂಡು ಹೋಗಿ ಬೇಲಿಗೆ ಒರಗಿಸಿತು. "ಹೋ ಅಂದ್ರೂ ಕೇಳಾದಿಲ್ಲ, ಬಾ ಅಂದ್ರೂ ಕೇಳಾದಿಲ್ಲ. ಉಸಿರಿಲ್ಲದ್ದನ್ನ ನಾನು ಹೂಡಾದಿಲ್ಲ" ಎಂದು ಕೈ ಕೊಡವಿದವರು ಮತ್ತೆ ಹತ್ತಿರ ಹೋಗಲಿಲ್ಲ.

ನಾನು ಹಿಡಿಯುತ್ತೇನೆ ಎಂದೆ.

ನಮ್ಮ ಕಡೆ ಹೆಂಗಸರು ನೇಗಿಲು ಮುಟ್ಟುವುದಿಲ್ಲ. ಮುಟ್ಟಿದರೆ ಭೂಮಿಗೆ ಆಗಿಬರುವುದಿಲ್ಲ ಎಂದು. ಹಾಗಾಗಿ ನಮ್ಮ ಅಂಗಳದಲ್ಲಿ ಒಂದು ಪಂಚಾಯ್ತಿಯೇ ಆಯಿತು. ಊರಿನ ಹಿರಿಯ ಗಿಡ್ಡಜ್ಜ ಬಂದ. ಮದ್ದು, ಮಂತ್ರ, ದನದ ಕಾಯಿಲೆ, ಎಲ್ಲಕ್ಕೂ ಅವನೇ. ಟಿಲ್ಲರ್ ಸುತ್ತ ಎರಡು ಸುತ್ತು ಬಂದು ಕೋಲಿನಿಂದ ತಟ್ಟಿ ಕೇಳಿದ:

"ಇದಕ್ಕೆ ಮೇಣಿ ಇದ್ಯಾ?"

"ಇಲ್ಲ ಅಜ್ಜ."

"ನೊಗ?"

"ಇಲ್ಲ."

"ಮತ್ತೆಂತ ನೇಗಿಲು ಇದು? ಮಿಷನ್ನು. ಹೊಲಿಯೋ ಮಿಷನ್ನು ಹೆಂಗಸರು ತುಳಿಯಾದಿಲ್ವಾ? ಹಿಡೀಲಿ ಬಿಡಿ."

ಅಷ್ಟಕ್ಕೆ ತೀರ್ಮಾನವಾಯಿತು. ಟಿಲ್ಲರ್ ಕೊಟ್ಟ ಕಡೆಯಿಂದ ಬಂದ ಮೆಕ್ಯಾನಿಕ್ಕು ಎರಡು ದಿನ ಕಲಿಸಿಕೊಟ್ಟ. ಮೊದಲು ಹಿತ್ತಲಿನ ಕಲ್ಲು, ಬೇರು, ತಂತಿ ಆರಿಸಿ ತೆಗೆಯಬೇಕು. ಸೆರಗು ಸುತ್ತಿ ಬಿಗಿಯಾಗಿ ಸಿಕ್ಕಿಸಬೇಕು. ಎಡ ಹಿಡಿಯ ಕೆಳಗಿನ ಕ್ಲಚ್ಚು ಒತ್ತಿದರೆ ಎಡಕ್ಕೆ ತಿರುಗುತ್ತದೆ, ಬಲದ್ದು ಒತ್ತಿದರೆ ಬಲಕ್ಕೆ. ನಡುವೆ ಇರುವ ದೊಡ್ಡ ಸರಳು ಎಳೆದರೆ ಎಲ್ಲವೂ ನಿಲ್ಲುತ್ತದೆ. ಹಿಂದಕ್ಕೆ ತೆಗೆಯುವ ಮೊದಲು ಬ್ಲೇಡು ತಿರುಗುವುದನ್ನು ನಿಲ್ಲಿಸಲೇಬೇಕು, ಇಲ್ಲದಿದ್ದರೆ ಅದು ನಿಮ್ಮ ಕಾಲ ಮೇಲೇ ಬರುತ್ತದೆ. ಹತ್ತಿರ ಯಾರೂ ಇರಬಾರದು. ನಾನು ಬೇಗ ಕಲಿತೆ. ನಮ್ಮ ಹಿತ್ತಲಷ್ಟೇ ಅಲ್ಲ, ಉಳಿದ ಮೂರು ಮನೆಯ ಹಿತ್ತಲನ್ನೂ ಹೊಡೆದೆ. ಒಂದು ಬೆಳಗ್ಗೆಯಲ್ಲಿ ಮುಗಿಯುತ್ತಿತ್ತು. ಊರವರು ನಿಂತು ನೋಡುತ್ತಿದ್ದರು. ಐವತ್ತರ ಹತ್ತಿರ ಬಂದ ಹೆಂಗಸಿಗೆ ಯಾರಾದರೂ ನಿಂತು ನೋಡುವಂಥ ಕೆಲಸ ಸಿಗುವುದು ಅಪರೂಪ. ಸೀತೆ ಒಂದೆರಡು ಸಲ "ನಂಗೂ ತೋರ್ಸೇ ಅಕ್ಕ" ಎಂದಳು. "ನಿನ್ ಕೈಯಲ್ಲಿ ಆಗಾದಲ್ಲ" ಎಂದೆ. ಅವಳ ಕೈಯಲ್ಲಿ ಆಗುತ್ತಿತ್ತು. ನನಗೆ ಕಲಿಸಲು ಮನಸ್ಸಿರಲಿಲ್ಲ.

ಎಮರ್ಜೆನ್ಸಿ ಮುಗಿದ ಮರುವರ್ಷ ದೀಪಾವಳಿ ಕಳೆದ ಮೇಲೆ ಮೊದಲ ಸಲ ಮೂರ್ಛೆ ಬಂತು. ಜಗಲಿಯಲ್ಲಿ ಕೂತು ಅವರೆ ಸುಲಿಯುತ್ತಿದ್ದೆ. ಅಷ್ಟೇ ಗೊತ್ತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಬಾಯಲ್ಲಿ ರಕ್ತದ ರುಚಿ, ನಾಲಗೆ ಕಚ್ಚಿಹೋಗಿತ್ತು. ಬಲಗೈ ಮುಷ್ಟಿಯಲ್ಲಿ ಮನೆಯ ಬೀಗದ ಕೈ ಗೊಂಚಲು. ಯಾರೋ ಓಡಿಬಂದು ಹಿಡಿಸಿದ್ದರು. ನಮ್ಮ ಕಡೆ ಮೂರ್ಛೆ ಬಿದ್ದವರಿಗೆ ಮಾಡುವುದೇ ಅದು: ಕೈಗೆ ಕಬ್ಬಿಣ ಕೊಡುವುದು. ಸ್ವಲ್ಪ ಹೊತ್ತಿಗೆ ಸೆಳೆತ ನಿಲ್ಲುತ್ತದೆ. ಕೊಡದಿದ್ದರೂ ನಿಲ್ಲುತ್ತದೆ ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ.

ಸೀರೆ ಒದ್ದೆಯಾಗಿದ್ದಿರಬೇಕು. ಗಂಡಸರು ಬಂದು ಸುತ್ತ ಸೇರುವ ಮೊದಲೇ ಸೀತೆ ನನ್ನನ್ನು ಒಳಗೆ ಎಳೆದುಕೊಂಡು ಹೋಗಿ ಬೇರೆ ಸೀರೆ ಉಡಿಸಿದ್ದಳು. ಅದನ್ನು ಅವಳು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಸೀರೆಯ ಬಣ್ಣ ಬೇರೆಯಾದದ್ದು ನೋಡಿ ನಾನೇ ತಿಳಿದುಕೊಂಡೆ.

ಎರಡು ತಿಂಗಳ ಮೇಲೆ ಇನ್ನೊಂದು ಸಲ ಬಂತು, ಬಾವಿಕಟ್ಟೆಯ ಹತ್ತಿರ. ಆಗ ಮನೆಯಲ್ಲಿ ಹೆದರಿದರು. ಗಿಡ್ಡಜ್ಜ ಬಂದು ಕಬ್ಬಿಣದ ಬಳೆಯೊಂದನ್ನು ಕೈಗೆ ಹಾಕಿ ಹೇಳಿದ: "ಬೆಂಕಿ, ನೀರು ಎರಡರ ಹತ್ರ ಇವ್ಳನ್ನ ಬಿಡ್ಬೇಡಿ. ಕೈಯಲ್ಲಿ ಕಬ್ಬಿಣ ಇರಾಂಗೆ ನೋಡ್ಕಳಿ, ಬರಾದಿಲ್ಲ."

ಅವತ್ತಿನಿಂದ ನನಗೆ ಒಲೆ ಇಲ್ಲ, ಬಾವಿ ಇಲ್ಲ, ಕೆರೆ ಇಲ್ಲ. ಕತ್ತಿ ಹಿಡಿದು ಸೊಪ್ಪು ಕೊಯ್ಯಲು ಹೋದರೆ ಯಜಮಾನರು ಹಿಂದೆ ಬರುತ್ತಿದ್ದರು. ನೆಂಟರ ಮನೆಗೂ ಕರೆದುಕೊಂಡು ಹೋಗುತ್ತಿರಲಿಲ್ಲ. ಅಲ್ಲಿ ಬಂದರೆ ಏನು ಗತಿ, ನಾಲ್ಕು ಜನ ಏನಂದಾರು. ಕೆಲವರು ನಾನು ಕುಡಿದ ಲೋಟ ಬೇರೆ ಇಡುತ್ತಿದ್ದರು. ನೊರೆ ತಾಗಿದರೆ ಅಂಟುತ್ತದಂತೆ. ಸೀತೆ ಮಾತ್ರ ನನ್ನ ಎಲೆಯಲ್ಲಿ ಉಳಿದದ್ದನ್ನು ನನ್ನೆದುರೇ ತೆಗೆದು ತಿಂದು, "ನಂಗೆ ಬರ್ಲಿ ನೋಡಾಣ" ಎನ್ನುತ್ತಿದ್ದಳು.

ಟಿಲ್ಲರ್ ವಿಷಯ ಬಂದಾಗ ಯಜಮಾನರು ಅನುಮಾನಿಸಿದರು. ನಾನೇ ವಾದ ಹೂಡಿದೆ. "ಅಜ್ಜ ಎಂತ ಹೇಳಿದ್ದು? ಕೈಯಲ್ಲಿ ಕಬ್ಬಿಣ ಇರ್ಬೇಕು. ಟಿಲ್ಲರ್ ಹಿಡಿ ಎಂತದ್ದು? ಕಬ್ಬಿಣ. ಎರಡೂ ಕೈಯಲ್ಲಿ ಕಬ್ಬಿಣ ಇರ್ತದೆ. ಅದ್ರಷ್ಟು ಭದ್ರ ಜಾಗ ಈ ಮನೇಲಿ ನಂಗೆ ಮತ್ತೊಂದಿಲ್ಲ."

ಯಜಮಾನರು ಗಿಡ್ಡಜ್ಜನನ್ನು ಕೇಳಿ ಬಂದರು. ಅಜ್ಜನೂ ಹೌದೆಂದನಂತೆ. ಹೀಗೆ, ಅನ್ನದ ಪಾತ್ರೆ ಇಳಿಸಲೂ ಬಿಡದವರು ನನ್ನನ್ನು ಇಂಜಿನ್ನಿನ ಹಿಂದೆ ಬಿಟ್ಟರು. ಈಗ ಬರೆಯುವಾಗ ನಗು ಬರುತ್ತದೆ. ಆಗ ಯಾರಿಗೂ ನಗು ಬರಲಿಲ್ಲ. ನಾನು ಅದನ್ನು ಪೂರ್ತಿ ನಂಬಿದ್ದೆನೇ? ಅರ್ಧ ನಂಬಿದ್ದೆ. ಇನ್ನರ್ಧ, ನನಗೆ ಆ ಮಿಷನ್ನು ಬೇಕಿತ್ತು. ಉಳಿದದ್ದೆಲ್ಲ ಕಿತ್ತುಕೊಂಡಿದ್ದರು. ಅದೊಂದನ್ನು ಬಿಟ್ಟರೆ ನಾನು ಜಗಲಿಯ ಮೂಲೆಯಲ್ಲಿ ಕೂತ ರೋಗಿ.

ಮೊದಲ ವರ್ಷ ಹಿತ್ತಲುಗಳನ್ನೆಲ್ಲ ಹೊಡೆದೆ. ಏನೂ ಆಗಲಿಲ್ಲ. "ನೋಡಿದ್ರಾ, ಕಬ್ಬಿಣ" ಎಂದರು ಎಲ್ಲರೂ.

ಏನೂ ಆಗಲಿಲ್ಲ ಎಂಬುದು ಸುಳ್ಳು. ಎರಡು ಸಲ ಆಗಿತ್ತು. ಒಂದು ಸಲ ಹಿತ್ತಲ ನಡುವೆ ಇದ್ದವಳು, ಮರುಗಳಿಗೆ ನೋಡಿದರೆ ಬೇಲಿಯ ಹತ್ತಿರ ಇದ್ದೆ. ನಡುವಿನ ಹತ್ತು ಹೆಜ್ಜೆ ನಡೆದ ನೆನಪಿಲ್ಲ. ಇನ್ನೊಂದು ಸಲ ಪಕ್ಕದ ಮನೆಯವರ ಹಿತ್ತಲಲ್ಲಿ. ನೇರ ಹೋಗಬೇಕಾದ ಸಾಲು ಎಡಕ್ಕೆ ಬಾಗಿತ್ತು, ಯಾವಾಗ ಬಾಗಿತು ಎಂದು ಗೊತ್ತಿಲ್ಲ. ಬಿದ್ದಿರಲಿಲ್ಲ, ನಾಲಗೆ ಕಚ್ಚಿರಲಿಲ್ಲ. ಯಾರೂ ನೋಡಿರಲಿಲ್ಲ. ನಾನು ಆ ಬಾಗಿದ ಸಾಲಿನ ಮೇಲೆ ಇನ್ನೊಂದು ಸಲ ಟಿಲ್ಲರ್ ಹೊಡೆದು ಸರಿ ಮಾಡಿದೆ. ಯಾರಿಗೂ ಹೇಳಲಿಲ್ಲ.

ಎರಡನೇ ವರ್ಷ ನಮ್ಮ ಹಿತ್ತಲನ್ನು ಹೊಡೆಯುವ ದಿನ. ಬಿಸಿಲು ಚೆನ್ನಾಗಿತ್ತು, ಮಣ್ಣು ಹದವಾಗಿತ್ತು. ಸೀತೆ ಒಗೆಯುವ ಕಲ್ಲಿನ ಹತ್ತಿರ ಬಟ್ಟೆ ಹಿಂಡುತ್ತ ಇದ್ದಳು. ದೂರ ಹೋಗು ಎಂದೆ. "ನಿನ್ ಮಿಷನ್ನು ಈ ಕಲ್ಲು ಉಳಾದಿಲ್ಲ ಬಿಡು" ಎಂದಳು. ನಾನೂ ಸುಮ್ಮನಾದೆ. ಎಡಗೈ ಹೆಬ್ಬೆರಳು ತನ್ನಷ್ಟಕ್ಕೆ ಅದುರಿದ್ದು ನೆನಪಿದೆ. ಆಮೇಲೆ ಇಲ್ಲ.

ಮುಂದಿನದು ಅವರು ಹೇಳಿದ್ದು. ನನ್ನ ಮೈ ಸೆಟೆದು ನಿಂತಿತಂತೆ. ಕಬ್ಬಿಣ ಹಿಡಿದ ಕೈ ಬಿಡಲಿಲ್ಲ, ಇನ್ನೂ ಬಿಗಿಯಾಯಿತು. ಎಡಗೈ ಕ್ಲಚ್ಚನ್ನು ಒತ್ತಿಹಿಡಿಯಿತು. ಟಿಲ್ಲರ್ ಎಡಕ್ಕೆ ತಿರುಗಿ ಬಸಳೆಯ ಚಪ್ಪರವನ್ನು ಕೆಡವಿ ಒಗೆಯುವ ಕಲ್ಲಿನ ಕಡೆ ಹೊರಟಿತು. ನಾನು ಅದರ ಹಿಂದೆ ಮೊಣಕಾಲಿನ ಮೇಲೆ ಎಳೆಸಿಕೊಂಡು ಹೋಗುತ್ತಿದ್ದೆ. ಸೀತೆ ಪಕ್ಕಕ್ಕೆ ಹಾರಿ ತಪ್ಪಿಸಿಕೊಳ್ಳಬಹುದಿತ್ತು, ಹಾರಲಿಲ್ಲ. ಓಡಿಬಂದು ಟಿಲ್ಲರ್ ನಿಲ್ಲಿಸಲು ನೋಡಿದಳು. ಯಾವುದನ್ನು ಎಳೆದರೆ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಎಳೆದಳು. ಅದು ವೇಗ ಹೆಚ್ಚಿಸುವುದು. ಮಗುಚಿದ ಮಣ್ಣಿನಲ್ಲಿ ಕಾಲು ಜಾರಿ ಬ್ಲೇಡಿನ ಕೆಳಗೆ ಹೋಯಿತು. ಮರುಗಳಿಗೆಯಲ್ಲಿ ಟಿಲ್ಲರ್ ಒಗೆಯುವ ಕಲ್ಲಿಗೆ ಗುದ್ದಿ ನಿಂತಿತು.

ಬಲಗಾಲಿನ ಎರಡು ಬೆರಳು ಹೋದವು. ಕಿರುಬೆರಳು ಮತ್ತು ಅದರ ಪಕ್ಕದ್ದು.

ನನಗೆ ಎಚ್ಚರವಾದಾಗ ಯಜಮಾನರು ಸೀತೆಯ ಕಾಲಿಗೆ ಪಂಚೆ ಸುತ್ತುತ್ತಿದ್ದರು. ಪಂಚೆ ಕೆಂಪಗಾಗಿತ್ತು. ಏನಾಯಿತು ಎಂದು ಕೇಳಿದೆ. ಸೀತೆಯೇ ಹೇಳಿದಳು: "ನಿನ್ ಕಬ್ಬಿಣ ಕೆಲ್ಸ ಮಾಡ್ಲಿಲ್ಲ ಅಕ್ಕ."

ಪೇಟೆಯ ಆಸ್ಪತ್ರೆಯಲ್ಲಿ ಅವಳ ಕಾಲಿಗೆ ಹೊಲಿಗೆ ಹಾಕಿ, ಗಾಯ ಕೆಡದ ಹಾಗೆ ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು. ಪೇಟೆಯ ಡಾಕ್ಟರು ನನ್ನನ್ನೂ ನೋಡಿ, ಕಾಲಿನದ್ದು ವಾಸಿಯಾಗುತ್ತದೆ, ಇವರನ್ನೂ ಅಲ್ಲಿ ತೋರಿಸಿಕೊಂಡು ಬನ್ನಿ ಎಂದರು. ತೀರ್ಥಹಳ್ಳಿಗೆ ಹೋಗಿ ಅಲ್ಲಿಂದ ಆಗುಂಬೆ ಘಾಟಿ ಇಳಿಯಬೇಕು. ನಾನು ಅಷ್ಟು ತಿರುವು ಕಂಡವಳೇ ಅಲ್ಲ. ಎರಡು ಸಲ ವಾಂತಿ ಮಾಡಿಕೊಂಡೆ. ಸೀತೆ ಕಾಲು ಎತ್ತಿ ಯಜಮಾನರ ತೊಡೆಯ ಮೇಲಿಟ್ಟು ಕೂತಿದ್ದಳು. "ಭಾವ, ನಿಮ್ಗೆ ಈ ಜನ್ಮದಲ್ಲಿ ಸೊಸೆ ಕಾಲು ಹಿಡಿಯೋ ಯೋಗ ಇಲ್ಲ ಅಂತಿದ್ರಿ, ನಾದಿನಿ ಕಾಲು ಸಿಕ್ತು ನೋಡಿ" ಎಂದಳು. ನಮಗೆ ಗಂಡುಮಕ್ಕಳಿಲ್ಲ. ಯಜಮಾನರು ಮೊದಲು ನಕ್ಕು ಆಮೇಲೆ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡುತ್ತಿದ್ದರು.

ದೊಡ್ಡಾಸ್ಪತ್ರೆಯಲ್ಲಿ ಕಾಯುವ ಕೋಣೆಯೇ ನಮ್ಮ ಮನೆಗಿಂತ ದೊಡ್ಡದು. ಸೆಕೆ. ಗೋಡೆಯುದ್ದಕ್ಕೂ ಬೆಂಚು, ಚೀಟಿಯ ನಂಬರು ಕೂಗುವವರೆಗೆ ಕೂತಿರಬೇಕು. ಸುತ್ತ ತುಳು ಮಾತು, ಒಂದಕ್ಷರ ತಿಳಿಯದು. ನಂಬರು ಕೂಗಿದರೆ ನಮ್ಮದೋ ಅಲ್ಲವೋ ಎಂದು ಪ್ರತಿಸಲ ಎದ್ದು ನಿಲ್ಲುವುದು. ಯಜಮಾನರು ಚೀಟಿಯನ್ನು ಎರಡು ಕೈಯಲ್ಲಿ ಪ್ರಸಾದದ ಹಾಗೆ ಹಿಡಿದುಕೊಂಡಿದ್ದರು. ನನ್ನ ಪಕ್ಕದಲ್ಲಿ ಮೀನು ಮಾರುವ ಹೆಂಗಸೊಬ್ಬಳು ಕೂತಿದ್ದಳು. ಸೊಂಟದಲ್ಲಿ ದೊಡ್ಡ ಬೀಗದ ಕೈ. ನಾನು ಅದನ್ನೇ ನೋಡುವುದು ನೋಡಿ, "ಬೀಗ ಇಲ್ಲ, ಕೈ ಮಾತ್ರ ಉಂಟು" ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳಿಗೆ ಎಲ್ಲೆಲ್ಲಿ ಬಂದಿತ್ತು, ನನಗೆ ಎಲ್ಲೆಲ್ಲಿ ಬಂದಿತ್ತು ಎಂದು ಹೇಳಿಕೊಂಡೆವು. ಅವಳಿಗೆ ದೋಣಿ ಹತ್ತುವಾಗ ಬಂದಿತ್ತಂತೆ. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಎದೆ ಹಗುರಾಯಿತು. ಔಷಧ ಅಲ್ಲ, ಡಾಕ್ಟರಲ್ಲ, ಆ ಹೆಂಗಸು.

ತಲೆಗೆ ಅಂಟು ಹಚ್ಚಿ ತಂತಿಗಳನ್ನು ಸಿಕ್ಕಿಸಿ ಕಾಗದದ ಮೇಲೆ ಗೆರೆ ಬರೆಸುವ ಪರೀಕ್ಷೆ ಮಾಡಿದರು. ನೋವೇನಿಲ್ಲ. ಕರೆಂಟು ಕೊಡುತ್ತಾರೆ ಎಂದು ಯಾರೋ ಹೇಳಿದ್ದರಿಂದ ನಾನು ಕೈ ಬಿಗಿಹಿಡಿದು ಮಲಗಿದ್ದೆ. ಕರೆಂಟು ಕೊಡುವುದಲ್ಲ, ನಮ್ಮ ತಲೆಯಲ್ಲಿರುವುದನ್ನು ಅದು ಓದುವುದು ಎಂದು ನರ್ಸು ಹೇಳಿದಳು. ಮುಗಿದ ಮೇಲೆ ಅವಳೇ ಬಿಸಿನೀರು ತಂದು ಕೂದಲಿನ ಅಂಟು ತೊಳೆದು ಸಿಕ್ಕು ಬಿಡಿಸಿದಳು. ಕೇಳದೆ ಮಾಡಿದಳು.

ಡಾಕ್ಟರು ಒಬ್ಬ ಹೆಂಗಸು, ನನ್ನ ಮಗಳ ವಯಸ್ಸು. ಕೇಳಿದರು:

"ಎಷ್ಟು ಸಲ ಬಂದದ್ದು ಅಮ್ಮ?"

ಯಜಮಾನರು ಉತ್ತರ ಕೊಟ್ಟರು: "ಇದು ಮೂರನೇದು ಡಾಕ್ಟ್ರೇ."

"ನಾನು ಅವರನ್ನು ಕೇಳಿದ್ದು. ನೀವು ಹೇಳಿ. ಬೀಳದೆ, ಸುಮ್ಮನೆ ಒಂದು ಗಳಿಗೆ ಮರೆತ ಹಾಗೆ ಆಗುವುದುಂಟಾ?"

ಪಕ್ಕದಲ್ಲಿ ಸೀತೆ ಇದ್ದಳು, ಕಾಲಿಗೆ ಬಿಳಿ ಪಟ್ಟಿ. ನಾನು "ಇಲ್ಲ" ಎಂದೆ.

ಡಾಕ್ಟರು ಸಣ್ಣ ಬಿಳಿ ಗುಳಿಗೆ ಬರೆದರು, ದಿನಾ ತಪ್ಪದೆ. ಕಬ್ಬಿಣದ ಬಳೆಯನ್ನು ತೋರಿಸಿ, "ಇದು ಇರಲಿ, ಚಂದ ಕಾಣ್ತದೆ. ಆದರೆ ಗುಳಿಗೆ ಬಿಟ್ಟು ಇದನ್ನು ನಂಬಬೇಡಿ" ಎಂದರು. ಬೈಯಲಿಲ್ಲ. ಬೈಸಿಕೊಳ್ಳಲು ತಯಾರಾಗಿ ಹೋದವಳಿಗೆ ಬೈಯದಿದ್ದರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಇಲ್ಲ ಎಂದದ್ದನ್ನು ಆಗಲೇ ತಿದ್ದಬಹುದಿತ್ತು. ತಿದ್ದಲಿಲ್ಲ. ಬದಲಿಗೆ ಕೇಳಿದೆ: "ಟಿಲ್ಲರ್ ಹಿಡೀಬಹುದಾ?"

ಯಜಮಾನರು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸೀತೆ ಕಿಟಕಿಯ ಕಡೆ ತಿರುಗಿದಳು.

ಡಾಕ್ಟರು ಯೋಚಿಸಿ ಹೇಳಿದರು: "ಮೂರು ವರ್ಷ ಒಂದು ಸಲವೂ ಬರಬಾರದು. ಸಣ್ಣದು ಬಂದರೂ ಲೆಕ್ಕ ಮತ್ತೆ ಸೊನ್ನೆಯಿಂದ. ಆಮೇಲೆ ಬನ್ನಿ, ನೋಡುವ."

ಮೂರು ವರ್ಷ ಎಂದದ್ದನ್ನು ನಾನು ಗಂಟು ಹಾಕಿಕೊಂಡೆ. ಆ ಗುಳಿಗೆ ಮೊದಲ ತಿಂಗಳುಗಳಲ್ಲಿ ನನ್ನನ್ನು ಮಂಕು ಮಾಡಿತು. ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ಕೂರುತ್ತಿತ್ತು. ಕೂತಲ್ಲೇ ತೂಕಡಿಕೆ. ಕೋಳಿಗೆ ಅಕ್ಕಿ ಹಾಕಲು ಹೋಗಿ ಯಾಕೆ ಬಂದೆ ಎಂದು ನಿಂತುಬಿಡುತ್ತಿದ್ದೆ. "ಈ ಗುಳಿಗೆಗಿಂತ ಮೂರ್ಛೆಯೇ ವಾಸಿ" ಎಂದು ಒಂದು ದಿನ ಅಂದೆ. ಸೀತೆ ಚಪ್ಪಲಿಯಿಂದ ಕಾಲು ತೆಗೆದು ನನ್ನ ಮುಂದೆ ಚಾಚಿದಳು. ಗುಳಿಗೆ ನುಂಗಿದೆ. ಆಮೇಲೆ ಆ ಮಂಕು ಕಡಿಮೆಯಾಯಿತು. ಎಲ್ಲರಿಗೂ ಕಡಿಮೆಯಾಗುತ್ತದೋ ಗೊತ್ತಿಲ್ಲ, ನನಗೆ ಆಯಿತು.

ಆ ಮೂರು ವರ್ಷ ಟಿಲ್ಲರನ್ನು ಪಾಲಿನ ಇನ್ನೊಂದು ಮನೆಯವನು ಓಡಿಸಿದ. ನಮ್ಮ ಹಿತ್ತಲಿಗೆ ಕೊನೆಯಲ್ಲಿ ಬರುತ್ತಿದ್ದ, ಮಣ್ಣು ಒಣಗಿದ ಮೇಲೆ. ಹೆಂಟೆ ಹೆಂಟೆ ಬಿಟ್ಟು ಹೋಗುತ್ತಿದ್ದ. ನಾನು ಜಗಲಿಯಲ್ಲಿ ಕೂತು ತಿಂಗಳು ಎಣಿಸುತ್ತಿದ್ದೆ. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಒಂದು ವರ್ಷವಾಯಿತು, ಎರಡಾಯಿತು. ಒಲೆಯ ಹತ್ತಿರ ಬಿಟ್ಟರು. ಬಾವಿಯ ಹತ್ತಿರವೂ ಬಿಟ್ಟರು. ಇನ್ನು ಎರಡು ತಿಂಗಳು ಎನ್ನುವಾಗ ಅದಾಯಿತು.

ಬೆಳಗ್ಗೆ ಹಾಲು ಕಾಯಿಸುತ್ತಿದ್ದೆ. ಹಾಲು ಇನ್ನೂ ಬಿಸಿಯಾಗಿರಲಿಲ್ಲ. ಮರುಗಳಿಗೆ ಹಾಲು ಉಕ್ಕಿ ಒಲೆ ಆರಿತ್ತು, ಹೊಗೆ ತುಂಬಿತ್ತು. ನಾನು ಸೌಟು ಹಿಡಿದು ನಿಂತಿದ್ದೆ. ಎಡಗೈ ಹೆಬ್ಬೆರಳು ಅದುರುತ್ತಿತ್ತು. ಸೀತೆ ಬಾವಿಯ ಹತ್ತಿರ ಇದ್ದಳು, ಯಜಮಾನರು ಗದ್ದೆಯಲ್ಲಿ. ಯಾರೂ ನೋಡಲಿಲ್ಲ. ಒಲೆ ಒರೆಸಿ, ಬೇರೆ ಬೆಂಕಿ ಹಾಕಿ, ಉಳಿದ ಹಾಲು ಕಾಯಿಸಿದೆ. "ಹಾಲು ಕಡಿಮೆ ಕೊಟ್ಟಿದ್ಯಲ್ಲ ಇವತ್ತು ದನ" ಎಂದಳು ಸೀತೆ. "ಹೌದು" ಎಂದೆ.

ಎರಡು ತಿಂಗಳು ಆ ಒಂದು ಗಳಿಗೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ಅದು ಮೂರ್ಛೆಯಲ್ಲ, ಯೋಚನೆ ಮಾಡುತ್ತ ನಿಂತದ್ದು ಎಂದು ನನಗೇ ಹೇಳಿಕೊಂಡೆ. ಹಾಲು ಉಕ್ಕುವುದು ಯಾರ ಮನೆಯಲ್ಲಿ ಇಲ್ಲ ಎಂದೆ. ಒಂದು ದಿನ ಗೆದ್ದೆ, ಮರುದಿನ ಸೋತೆ. ಸೀತೆ ಅಂಗಳದಲ್ಲಿ ಕುಂಟುತ್ತ ಹೋಗುವುದು ಕಂಡರೆ ಸೋಲುತ್ತಿದ್ದೆ.

ಡಾಕ್ಟರ ಹತ್ತಿರ ಹೋಗುವ ದಿನ ಯಜಮಾನರಿಗೆ ಜ್ವರ. ಸೀತೆಯೇ ಜೊತೆಗೆ ಬಂದಳು. ಹೊರಡುವಾಗ ಯಜಮಾನರು, "ಈ ಸಲ ಹಿತ್ತಲು ನೀನೇ ಹೊಡೀತೀಯ ಬಿಡು" ಎಂದರು. ಟಿಲ್ಲರನ್ನು ಹಿಂದಿನ ದಿನವೇ ತೊಳೆದು ನಮ್ಮ ಅಂಗಳಕ್ಕೆ ತರಿಸಿಟ್ಟಿದ್ದರು.

ಅದೇ ಡಾಕ್ಟರು. ಪುಸ್ತಕ ತೆಗೆದು ನೋಡಿ ಖುಷಿಯಾದರು. "ಮೂರು ವರ್ಷ ಆಯ್ತಲ್ಲ ಅಮ್ಮ. ಒಂದು ಸಲವೂ ಬರಲಿಲ್ಲ ಅಲ್ವಾ?"

ಪೆನ್ನು ಕಾಗದದ ಮೇಲೆ ಇಟ್ಟಾಗಿತ್ತು. ಇಲ್ಲ ಎಂದರೆ ಸಾಕಿತ್ತು.

"ಬಂದಿದೆ" ಎಂದೆ. "ಎರಡು ತಿಂಗಳ ಹಿಂದೆ. ಹಾಲು ಕಾಯ್ಸುವಾಗ. ಬೀಳ್ಲಿಲ್ಲ, ಮರ್ತ ಹಂಗಾತು." ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. "ಮೊದ್ಲೂ ಬಂದಿತ್ತು. ಟಿಲ್ಲರ್ ಹಿಡಿದಾಗ ಎರಡು ಸಲ. ಇವಳ ಕಾಲು ಹೋಗೋದಕ್ಕೆ ಒಂದು ವರ್ಷ ಮೊದ್ಲು. ನೀವು ಕೇಳ್ದಾಗ ಇಲ್ಲ ಅಂದಿದ್ದೆ."

ಸೀತೆ ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಅವಳ ಕಡೆ ನೋಡಲಿಲ್ಲ.

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿದರು. "ಈಗಾದರೂ ಹೇಳಿದಿರಲ್ಲ. ಗುಳಿಗೆ ಸ್ವಲ್ಪ ಹೆಚ್ಚು ಮಾಡುವ. ಟಿಲ್ಲರ್ ಬೇಡ. ಲೆಕ್ಕ ಇವತ್ತಿನಿಂದ" ಎಂದರು.

ಬಸ್ಸು ಘಾಟಿ ಹತ್ತಿ ಆಗುಂಬೆಯಲ್ಲಿ ನಿಲ್ಲುವವರೆಗೆ ಸೀತೆ ಮಾತಾಡಲಿಲ್ಲ. ಅವಳು ಅಷ್ಟು ಹೊತ್ತು ಬಾಯಿ ಮುಚ್ಚಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅಲ್ಲಿ ಚಾ ಕುಡಿಯಲು ಇಳಿದೆವು. ಲೋಟ ಕೈಯಲ್ಲಿ ಹಿಡಿದೇ ಕೇಳಿದಳು.

"ನನ್ ಕಾಲು ಹೋಗೋ ಮೊದ್ಲೇ ನಿಂಗೆ ಗೊತ್ತಿತ್ತು."

"ಹೌದು."

"ಯಾಕೆ ಹೇಳ್ಲಿಲ್ಲ?"

"ಮಿಷನ್ನು ಕಸ್ಕಳ್ತಿದ್ರಿ."

ಅವಳು ಚಾ ಪೂರ್ತಿ ಕುಡಿದಳು. "ಕಸ್ಕಳ್ತಿದ್ವಿ" ಎಂದಳು. "ಕಸ್ಕಂಡಿದ್ರೆ ನಂಗೆ ಹತ್ತು ಬೆರಳು ಇರ್ತಿದ್ವು." ಲೋಟ ಅಂಗಡಿಯ ಹಲಗೆಯ ಮೇಲಿಟ್ಟು ಬಸ್ಸು ಹತ್ತಿ ನನ್ನ ಪಕ್ಕ ಬಿಟ್ಟು ಬೇರೆ ಸೀಟಿನಲ್ಲಿ ಕೂತಳು.

ಕ್ಷಮಿಸು ಎಂದು ನಾನು ಕೇಳಲಿಲ್ಲ. ಕೇಳಿದರೆ ಅವಳು ಏನಾದರೂ ಕೊಡಬೇಕಾಗುತ್ತದೆ, ಅವಳಿಂದ ತೆಗೆದುಕೊಂಡದ್ದೇ ಸಾಕಾಗಿತ್ತು. ಮನೆಗೆ ಬಂದು ಯಜಮಾನರಿಗೂ ನಾನೇ ಎಲ್ಲವನ್ನೂ ಹೇಳಿದೆ. ಅವರು ಅಂಗಳದಲ್ಲಿದ್ದ ಟಿಲ್ಲರಿಗೆ ಗೋಣಿ ಹೊದಿಸಿ ಬಂದು ಮಲಗಿದರು. ಮೂರು ದಿನ ಸೀತೆ ನನಗೆ ಅನ್ನ ಬಡಿಸಿದಳು, ಗುಳಿಗೆ ಕೊಟ್ಟಳು, ಮಾತು ಕೊಡಲಿಲ್ಲ.

ನಾಲ್ಕನೇ ದಿನ ಬೆಳಗ್ಗೆ ಗೋಣಿ ತೆಗೆದು ಟಿಲ್ಲರಿನ ಪಕ್ಕ ನಿಂತು ಕೂಗಿದಳು: "ಅಕ್ಕಾ, ಬಾ ಇಲ್ಲಿ. ಇದನ್ನ ನಿಲ್ಸಾದು ಹ್ಯಾಂಗೆ ತೋರ್ಸು."

"ಶುರು ಮಾಡಾದು ಮೊದ್ಲು ಕಲಿ."

"ನಿಲ್ಸಾದು ಮೊದ್ಲು."

ಇಂಜಿನ್ನು ಆರಿಸಿಯೇ ಇಟ್ಟು ನಡುವಿನ ಸರಳು ಎಳೆಯುವುದನ್ನು ಇಪ್ಪತ್ತು ಸಲ ಮಾಡಿಸಿದೆ. ಕಣ್ಣು ಮುಚ್ಚಿ ಮಾಡಿಸಿದೆ. ಯಜಮಾನರನ್ನೂ ಕರೆದು ಮಾಡಿಸಿದೆ. ಉಸಿರಿಲ್ಲದ್ದು ಎಂದು ಗೊಣಗುತ್ತಲೇ ಎಳೆದರು. ಮಿಷನ್ನು ಇರುವ ಮನೆಯಲ್ಲಿ ಅದನ್ನು ನಿಲ್ಲಿಸಲು ಎಲ್ಲರಿಗೂ ಬರಬೇಕು. ಇದನ್ನು ಮೆಕ್ಯಾನಿಕ್ಕು ನನಗೆ ಹೇಳಿರಲಿಲ್ಲ. ಹೇಳಿದ್ದರೂ ಆಗ ನಾನು ಕಲಿಸುತ್ತಿರಲಿಲ್ಲ.

ಆ ವರ್ಷ ಸೀತೆ ಹಿತ್ತಲು ಹೊಡೆದಳು. ಬೆರಳಿಲ್ಲದ ಕಾಲಿಗೆ ಮಗುಚಿದ ಮಣ್ಣಿನಲ್ಲಿ ಹಿಡಿತ ಸಿಗದೆ ಸಾಲು ಹಾವು ಹರಿದ ಹಾಗೆ ಆಯಿತು. ನಾನು ಬೇಲಿಯ ಆಚೆ ನಿಂತು ಕಿರುಚುತ್ತಿದ್ದೆ, ಅವಳು ಅಲ್ಲಿಂದಲೇ ಬೈಯುತ್ತಿದ್ದಳು. ಮಾತು ಮತ್ತೆ ಶುರುವಾದದ್ದು ಹಾಗೆ. ಮೊದಲಿನ ಹಾಗೆ ಆಯಿತು ಎಂದು ಬರೆಯಲಾರೆ. ಕೆಲವು ಸಲ ನೋವಾದಾಗ ಕಾಲು ಒತ್ತಿಕೊಳ್ಳುತ್ತ ನನ್ನ ಕಡೆ ನೋಡುತ್ತಾಳೆ. ನೋಡಲಿ.

ಈಗ ಇನ್ನೂ ಕೆಲವು ವರ್ಷ ಕಳೆದಿವೆ. ನನಗೆ ಅರವತ್ತು ದಾಟಿತು. ಲೆಕ್ಕ ಇನ್ನೂ ಮೂರು ಮುಟ್ಟಿಲ್ಲ. ಒಂದು ಸಲ ಒಂದೂವರೆ ವರ್ಷಕ್ಕೆ, ಇನ್ನೊಂದು ಸಲ ಎರಡಕ್ಕೆ ಸೊನ್ನೆಗೆ ಹೋಯಿತು. ಒಂದನ್ನು ಯಜಮಾನರು ನೋಡಿದರು, ಇನ್ನೊಂದನ್ನು ಯಾರೂ ನೋಡಲಿಲ್ಲ. ಎರಡನ್ನೂ ಹೇಳಿದ್ದೇನೆ. ಗುಳಿಗೆ ತಪ್ಪಿಸುವುದಿಲ್ಲ. ಲೆಕ್ಕ ಮೂರನ್ನು ಮುಟ್ಟುವುದೇ ಇಲ್ಲವೋ ಏನೋ, ವಯಸ್ಸು ಅದಕ್ಕಿಂತ ಮುಂದೆ ಓಡುತ್ತಿದೆ.

ಸೀತೆ ಈಗ ನನಗಿಂತ ಚೆನ್ನಾಗಿ ಹೊಡೆಯುತ್ತಾಳೆ. ಆದರೆ ಬೇಲಿಯ ಮೂಲೆಗೆ ಟಿಲ್ಲರ್ ಒಯ್ಯುವುದಿಲ್ಲ. ಅಲ್ಲಿ ತಿರುಗಿಸಲು ಜಾಗ ಸಾಲದು, ಹಿಂದಕ್ಕೆ ತೆಗೆಯಬೇಕಾಗುತ್ತದೆ. ಬೇಡ ಎಂದು ನಾನೇ ಹೇಳಿದ್ದೇನೆ. ನಾಲ್ಕು ಚಾಪೆ ಹಾಸುವಷ್ಟು ಜಾಗ ಹಾಗೇ ಉಳಿಯುತ್ತಿತ್ತು. ಹೋದ ಸಲ ಡಾಕ್ಟರ ಹತ್ತಿರ ಹೋದಾಗ, ಮೂಲೆಯನ್ನು ನಾನು ಗುದ್ದಲಿಯಲ್ಲಿ ಅಗೆಯಬಹುದಾ ಎಂದು ಕೇಳಿದೆ. ಅವರು ಕೇಳಿದರು:

"ನೀವು ಬಿದ್ದರೆ ಗುದ್ದಲಿಯೂ ಬೀಳ್ತದೆ ಅಲ್ವಾ?"

"ಬೀಳ್ತದೆ."

"ಹಾಗಾದರೆ ಅಗೀರಿ."

ಈ ವರ್ಷ ಅಲ್ಲಿ ಗೆಣಸು ಹಾಕಿದ್ದೇನೆ.